ಮೇಲಗಿರಿಯ ಕಾಡು ಮತ್ತು ನಮ್ಮ ನೂರು ಸಸಿಗಳು

(ಶಾಲೆಯ ಶತಮಾನೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಹಳೆಯ ವಿದ್ಯಾರ್ಥಿಯೂ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರೂ ಆದ ಒಬ್ಬರು ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವ ಸಮಿತಿಯವರು ಎರಡು ತಿಂಗಳ ಹಿಂದೆ ನನ್ನ ಮನೆಗೆ ಬಂದು ಒಂದು ಕೆಲಸ ಒಪ್ಪಿಸಿದರು. ಶಾಲೆಗೆ ನೂರು ವರ್ಷ ತುಂಬಿದ ನೆನಪಿಗೆ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ನೂರು ಸಸಿ ನೆಡಬೇಕು. ಯಾವ ಸಸಿಗಳೆಂದು ತಾವೇ ಪಟ್ಟಿ ಮಾಡಿಕೊಡಬೇಕು ಎಂದರು. ಪಟ್ಟಿ ಬರೆಯುವುದು ಅರ್ಧ ಗಂಟೆಯ ಕೆಲಸವೆಂದುಕೊಂಡು ಒಪ್ಪಿದೆ. ಅದಾದ ಮೇಲೆ ಒಂದು ದಿನ ಏಳನೆಯ ತರಗತಿಗೆ ಹೋಗಿ, ‘ಗುಡ್ಡದ ಮೇಲೆ ನಿಮಗೆ ಯಾವ ಮರ ಬೇಕು?’ ಎಂದು ಕೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಪೈನ್ ಮರ ನೆಡೋಣ, ಕಾಡು ಅಂದರೆ ಹಾಗಿರಬೇಕು’ ಎಂದಳು. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅವಳ ಪಕ್ಷ. ಅವರು ಪೈನ್ ಕಾಡನ್ನು ಚಿತ್ರದಲ್ಲಿ ಕಂಡಿದ್ದರು, ಸಿನಿಮಾದಲ್ಲಿ ಕಂಡಿದ್ದರು, ಕೆಲವರು ಕೊಡೈಕೆನಾಲಿಗೆ ಪ್ರವಾಸ ಹೋದಾಗ ಅದರ ನಡುವೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಶಾಲೆಯ ಕಿಟಕಿಯಿಂದ ಕಾಣುವ ಮೇಲಗಿರಿಯ ಸಾಲು ಅವರ ಕಣ್ಣಿಗೆ ಕಾಡಾಗಿರಲಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿ ಬೂದು ಬಣ್ಣಕ್ಕೆ ತಿರುಗುವ ಆ ಬೆಟ್ಟ ಅವರ ಲೆಕ್ಕದಲ್ಲಿ ಬರೀ ಪೊದೆ. ಅಂದಿನಿಂದ ನನ್ನ ಪಟ್ಟಿ ಮುಂದೆ ಸಾಗಲಿಲ್ಲ. ಅದರ ಬದಲು ಈ ಭಾಷಣ ಬಂದಿದೆ.

ಮೊದಲು ಆ ಹುಡುಗಿಯ ಪ್ರಶ್ನೆಗೇ ಬರುತ್ತೇನೆ. ದಕ್ಷಿಣ ಭಾರತದಲ್ಲಿ ಹುಟ್ಟುಪೈನ್ ಎಂಬುದೇ ಇಲ್ಲ. ಹಿಮಾಲಯದ ಇಳಿಜಾರಿನಲ್ಲಿ, ಈಶಾನ್ಯದ ಖಾಸಿ ಬೆಟ್ಟಗಳಲ್ಲಿ ಅವು ತಾವಾಗಿ ಬೆಳೆಯುತ್ತವೆ. ನಮ್ಮ ಪರ್ಯಾಯದ್ವೀಪದಲ್ಲಿ ಬೆಳೆಯುವುದಿಲ್ಲ. ಕೊಡೈಕೆನಾಲಿನ ಪೈನ್ ಕಾಡು ಮನುಷ್ಯರು ಸಾಲು ಹಿಡಿದು ನೆಟ್ಟದ್ದು. ಅದರ ಕೆಳಗೆ ನಿಂತು ನೆಲ ನೋಡಿದವರಿಗೆ ಗೊತ್ತು: ಉದುರಿದ ಸೂಜಿ ಎಲೆಗಳ ಹಾಸಿಗೆ ಬಿಟ್ಟರೆ ಅಲ್ಲಿ ಹುಲ್ಲು ಕಡಿಮೆ, ಹಕ್ಕಿಯ ದನಿ ಕಡಿಮೆ. ಪೈನಿನ ಬಳಗಕ್ಕೆ ಸೇರಿದ, ಅಂದರೆ ಹೂವು ಬಿಡದೆ ಬೀಜ ಬಿಡುವ ಶಂಕುವೃಕ್ಷಗಳ ಗುಂಪಿಗೆ ಸೇರಿದ, ಒಂದೇ ಒಂದು ಸ್ಥಳೀಯ ಮರ ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿದೆ. ನಗೇಯಾ ಎಂದು ಅದರ ಶಾಸ್ತ್ರೀಯ ಹೆಸರು. ಅದಕ್ಕೆ ಸೂಜಿ ಎಲೆಯೂ ಇಲ್ಲ, ಅಗಲವಾದ ಎಲೆಗಳು. ವರ್ಷಕ್ಕೆ ಎಂಟುನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಸೀಮೆಗೆ ಅದು ಬರುವಂಥದ್ದಲ್ಲ.

‘ಮತ್ತೆ ನಮ್ಮ ಆಟದ ಬಯಲಿನ ಅಂಚಿನಲ್ಲಿರುವುದು?’ ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಅದು ಸರ್ವೆ ಮರ, ತಮಿಳಿನಲ್ಲಿ ಸವುಕ್ಕು. ಮಕ್ಕಳನ್ನು ಅದರ ಕೆಳಗೆ ಕರೆದುಕೊಂಡು ಹೋಗಿ ಒಂದು ‘ಸೂಜಿ’ಯನ್ನು ಕಿತ್ತು ಕೊಟ್ಟೆ. ಗಂಟು ಗಂಟಿಗೆ ಅದು ಕಳಚಿಕೊಳ್ಳುತ್ತದೆ. ಪ್ರತಿ ಗಂಟಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿವೆ. ಆ ಹಲ್ಲುಗಳೇ ಅದರ ನಿಜವಾದ ಎಲೆ. ನಾವು ಎಲೆ ಎಂದುಕೊಂಡದ್ದು ಹಸುರು ಕಡ್ಡಿ. ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ, ಸಾರುವೆಗೆ, ಪೆಂಡಾಲಿಗೆ ಗಳ ಕೊಡುತ್ತದೆ. ಬೇಡವೆನ್ನುವಂಥದ್ದಲ್ಲ. ಆದರೆ ಅದು ಪೈನೂ ಅಲ್ಲ, ನಮ್ಮ ಬೆಟ್ಟದ್ದೂ ಅಲ್ಲ.

ಹಾಗಾದರೆ ನಮ್ಮ ಬೆಟ್ಟದ್ದು ಯಾವುದು? ಬನ್ನೇರುಘಟ್ಟದ ಕಾಡಿನಿಂದ ಹೊರಟು, ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿ, ಉರಿಗಂ ದಾಟಿ ಕಾವೇರಿಯ ತಡಿಯವರೆಗೆ ಹಬ್ಬಿರುವ ಕಾಡು ಎಲೆ ಉದುರಿಸುವ ಒಣಕಾಡು. ದಿಂಡಿಗ, ಹೊನ್ನೆ, ಹುರಗಲು, ಕಮರ, ಕಗ್ಗಲಿ, ಮುತ್ತುಗ, ಕಕ್ಕೆ, ಬೆಪ್ಪಾಲೆ, ನೆಲ್ಲಿ, ಶ್ರೀಗಂಧ, ಕಿರುಬಿದಿರು. ಈ ಹೆಸರುಗಳನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಉಳುಮೆಗೆ ನೊಗ ಯಾವುದರದ್ದು, ಮೇಳಿಗೆ ಯಾವುದು, ದನದ ಗಾಯಕ್ಕೆ ಯಾವ ತೊಗಟೆ ಎಂದು ಹೇಳುತ್ತ ಹೇಳುತ್ತಲೇ ನಮ್ಮ ಅಜ್ಜಿ ಹೇಳಿಕೊಟ್ಟದ್ದು. ಇಂದು ಏಳನೆಯ ತರಗತಿಯಲ್ಲಿ ಈ ಹನ್ನೊಂದರಲ್ಲಿ ಮೂರನ್ನು ಗುರುತಿಸಿದವರು ನಾಲ್ವರು. ಶಾಲೆಯಲ್ಲಿ ಕನ್ನಡ ಉಳಿದಿದೆ ಎಂದು ನಾವು ಈ ವಾರವೆಲ್ಲ ಸಂತೋಷಪಡುತ್ತಿದ್ದೇವೆ, ಸಂತೋಷಪಡಬೇಕಾದ್ದೇ. ಆದರೆ ಕನ್ನಡದ ಒಂದು ದೊಡ್ಡ ಗಂಟು ಈ ಬೆಟ್ಟದ ಮೇಲೆಯೇ ಇತ್ತು, ಅದನ್ನು ಇಳಿಸಿಕೊಂಡು ಬರುವವರು ಇಲ್ಲವಾದರು.

ಬೆಟ್ಟದ ಊರುಗಳ ಹೆಸರನ್ನೇ ನೋಡಿ. ಬೆಟ್ಟಮುಗಿಲಾಳ ಎಂಬಲ್ಲಿ ಬೆಟ್ಟವೂ ಮುಗಿಲೂ ಒಟ್ಟಿಗಿವೆ. ಎರಡು ರಾಜ್ಯಗಳ ನಡುವೆ ಕಾವೇರಿಯ ನೀರನ್ನು ಅಳೆಯುವ ಜಾಗವೆಂದು ಪತ್ರಿಕೆಗಳಲ್ಲಿ ವರ್ಷವರ್ಷವೂ ಓದುವ ಬಿಳಿಗುಂಡ್ಲು ನಮ್ಮ ಈ ಕಾಡಿನ ಅಂಚಿನಲ್ಲಿದೆ. ಅಂಚೆಟ್ಟಿಯ ಕಡೆಯ ದೊಡ್ಡಹಳ್ಳ ತನ್ನ ಹೆಸರನ್ನು ಇನ್ನೂ ಬಿಟ್ಟಿಲ್ಲ. ಈ ಶಾಲೆ ಆರಂಭವಾದಾಗ ನಾವು ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯವರು. 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರು. ಕಾಡು ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಅದರ ಒಳಗಿನದು ಬದಲಾಗಿದೆ.

ಆ ಬದಲಾವಣೆಯಲ್ಲಿ ನನ್ನ ಕೈಯೂ ಇದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉತ್ತಮ. ನಾನು ಏಳನೆಯ ತರಗತಿಯಲ್ಲಿದ್ದಾಗ ಜುಲೈ ತಿಂಗಳಲ್ಲಿ ವನಮಹೋತ್ಸವ ನಡೆಯಿತು. 1950ರಲ್ಲಿ ಕೇಂದ್ರದ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಶಿಯವರು ಆರಂಭಿಸಿದ ಹಬ್ಬ ಅದು. ಆ ಕಾಲದ ಶಾಲೆಗಳಲ್ಲಿ ಸ್ವಾತಂತ್ರ್ಯ ದಿನಾಚರಣೆಯಷ್ಟೇ ಸಂಭ್ರಮ. ಊರ ಹೊರಗಿನ ಪೊರಂಬೋಕು ಇಳಿಜಾರಿನಲ್ಲಿ ನಾವು ನೀಲಗಿರಿ ಸಸಿ ನೆಟ್ಟೆವು. ನಾನೊಬ್ಬನೇ ಹನ್ನೆರಡು ಗುಂಡಿ ತೋಡಿದೆ, ಬಹುಮಾನವಾಗಿ ಒಂದು ಪೆನ್ಸಿಲ್ ಬಂತು. ಆ ಜಾಗ ಖಾಲಿ ಎಂದು ನಮಗೆ ಹೇಳಿದ್ದರು. ಅದು ಖಾಲಿಯಾಗಿರಲಿಲ್ಲ, ಹುಲ್ಲಿತ್ತು. ಮೊಳಕಾಲೆತ್ತರದ ಹುಲ್ಲು, ನಡುನಡುವೆ ದಿಂಡಿಗ, ನೆಲ್ಲಿ, ಒಂದೆರಡು ಮುತ್ತುಗ. ಮರ ದಟ್ಟವಾಗಿಲ್ಲದ ಜಾಗವೆಲ್ಲ ಪಾಳು ಎಂಬ ನಂಬಿಕೆ ಆಗ ಎಲ್ಲರಲ್ಲೂ ಇತ್ತು. ಬಹುಮಟ್ಟಿಗೆ ಈಗಲೂ ಇದೆ. ಹತ್ತು ವರ್ಷದಲ್ಲಿ ಆ ಇಳಿಜಾರು ಒಂದೇ ಎತ್ತರದ ಮರಗಳಿಂದ ತುಂಬಿತು. ಕೆಳಗೆ ಹುಲ್ಲು ಹೋಯಿತು. ನಮ್ಮ ಮನೆಯ ದನಗಳು ಆ ದಿಕ್ಕಿಗೆ ಹೋಗುವುದನ್ನೇ ಬಿಟ್ಟವು. ಅದರ ಕೆಳಗಿನ ಬಾವಿಯೂ ಕೆಲವು ವರ್ಷಗಳಲ್ಲಿ ಬತ್ತಿತು. ಬಾವಿ ಬತ್ತಿದ್ದಕ್ಕೆ ನೀಲಗಿರಿಯೊಂದೇ ಕಾರಣವೆಂದು ನಾನು ಹೇಳಲಾರೆ, ಅದೇ ಹೊತ್ತಿಗೆ ಸುತ್ತ ಬೋರ್‌ವೆಲ್‌ಗಳೂ ಬಂದವು. ಆದರೆ ಹುಲ್ಲು ಹೋದದ್ದಕ್ಕೆ ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

ನೀಲಗಿರಿ ನಮ್ಮ ಕಡೆಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಇಲ್ಲಿಂದ ದೂರವಿಲ್ಲದ ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನರ ತೋಟಕ್ಕೆ 1790ರ ಸುಮಾರಿಗೇ ಅದರ ಬೀಜ ಬಂದಿತ್ತು. ಅಲ್ಲಿ ಬೆಳೆದ ತಳಿಯೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶವೆಲ್ಲ ಹರಡಿತು. ರಾಗಿ ಹೊಲಗಳವರೆಗೂ ಅದು ಇಳಿದಾಗ ರೈತರು ಎದ್ದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ಎರಡರ ನಡುವೆ ಮೂವತ್ತನಾಲ್ಕು ವರ್ಷ.

ಆದರೂ ನೀಲಗಿರಿಯನ್ನು ಕಡಿದರೆ ಮುಗಿಯುತ್ತದೆ. ಲಂಟಾನ ಹಾಗಲ್ಲ. ರೋಜದ ಗಿಡವೆಂದು ನಾವು ಕರೆಯುವ, ತಮಿಳಿನಲ್ಲಿ ಉಣ್ಣಿಚೆಡಿ ಎನ್ನುವ ಈ ಪೊದೆ ಮೂಲದಲ್ಲಿ ಅಮೆರಿಕ ಖಂಡದ ಉಷ್ಣಪ್ರದೇಶದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಹೂವೆಂದು ತಂದರು. ಚಂದವೇನೋ ಹೌದು. ಬಾಲ್ಯದಲ್ಲಿ ಅದರ ಕಪ್ಪು ಹಣ್ಣು ತಿಂದು ನಾಲಗೆ ನೇರಳೆ ಮಾಡಿಕೊಳ್ಳದವರು ಈ ಸಭೆಯಲ್ಲಿ ಯಾರೂ ಇರಲಾರರು. ನಾವು ತಿಂದಂತೆ ಹಕ್ಕಿಗಳೂ ತಿಂದವು, ಬೀಜ ಕಾಡೆಲ್ಲ ಬಿತ್ತಿದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿಯಿರುವ ಕಾಡುಗಳಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗಕ್ಕೆ ಲಂಟಾನ ಹಬ್ಬಿದೆ. ಜವಳಗಿರಿಯ ಕಾಡಿನ ದಾರಿಯಲ್ಲಿ ಎರಡೂ ಬದಿಗೆ ಕಾಣುವ ಹಸುರು ಗೋಡೆ ಅದೇ. ದಾರಿಹೋಕರು ‘ಎಷ್ಟು ಹಸುರು’ ಎನ್ನುತ್ತಾರೆ. ಆ ಹಸುರನ್ನು ಆನೆ ತಿನ್ನುವುದಿಲ್ಲ, ಜಿಂಕೆ ತಿನ್ನುವುದಿಲ್ಲ, ದನ ತಿಂದರೆ ಕಾಯಿಲೆ ಬೀಳುತ್ತದೆ. ಅದರ ನೆರಳಿನಲ್ಲಿ ಹುಲ್ಲು ಬರುವುದಿಲ್ಲ, ನೆಲ್ಲಿಯ ಮೊಳಕೆ ಮೇಲೇಳುವುದಿಲ್ಲ.

ಆನೆಯ ಮಾತು ಬಂದದ್ದರಿಂದ ಒಂದು ಕ್ಷಣ ಅಲ್ಲಿ ನಿಲ್ಲುತ್ತೇನೆ. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕು. ಹುಲ್ಲು, ಬಿದಿರು, ಕಗ್ಗಲಿಯ ತೊಗಟೆ ಇದ್ದ ಕಡೆ ಲಂಟಾನ ನಿಂತರೆ ಅದು ಎಲ್ಲಿಗೆ ಹೋಗಬೇಕು? ಮಳೆಗಾಲ ಕಳೆದು ರಾಗಿ ತೆನೆ ಹಾಲು ತುಂಬುವ ಹೊತ್ತಿಗೆ ಕರ್ನಾಟಕದ ಕಡೆಯಿಂದ ಜವಳಗಿರಿಯ ಮೂಲಕ ಹಿಂಡುಗಳು ಬರುತ್ತವೆ. ಹೊಸೂರಿನ ಪಕ್ಕದ ಸಾನಮಾವು ಕಾಡಿನವರೆಗೂ, ಹೆದ್ದಾರಿ ದಾಟಿ ಆಚೆಗೂ ಹೋಗುತ್ತವೆ. ಈ ಸಭೆಯಲ್ಲಿರುವ ಪೋಷಕರಲ್ಲಿ ಎಷ್ಟೋ ಜನ ಕಾರ್ತಿಕ ಮಾಸದ ಚಳಿಯಲ್ಲಿ ಅಟ್ಟಣೆಯ ಮೇಲೆ ತಗಡು ಬಡಿಯುತ್ತ ರಾತ್ರಿ ಕಳೆದವರು. ನನ್ನ ಜೊತೆಯಲ್ಲಿ ಇದೇ ಬೆಂಚಿನ ಮೇಲೆ ಕುಳಿತಿದ್ದ ಗೆಳೆಯನೊಬ್ಬ ಹಾಗೆ ಕಾವಲಿಗೆ ಹೋದವನು ಬೆಳಗ್ಗೆ ಮನೆಗೆ ಬರಲಿಲ್ಲ. ಅವನ ಹೊಲದಲ್ಲಿ ಮೂರು ಪಲ್ಲ ರಾಗಿಯೂ ಇರಲಿಲ್ಲ. ಆನೆ ಬರಲು ಲಂಟಾನವೊಂದೇ ಕಾರಣವಲ್ಲ. ರಾಗಿ, ಭತ್ತ ರುಚಿಯೆಂಬುದು ಆನೆಗೂ ಗೊತ್ತು, ಅದರ ಹಳೆಯ ದಾರಿಯಲ್ಲಿ ಮನೆ, ಕಾರ್ಖಾನೆ, ಗ್ರಾನೈಟ್ ಕ್ವಾರಿ ಎದ್ದಿವೆ. ಆದರೂ ಕಾಡಿನಲ್ಲಿ ಮೇವು ಉಳಿಯುವುದೆಂದರೆ ನಮ್ಮ ಊರಿನಲ್ಲಿ ಅದು ಜೀವದ ಪ್ರಶ್ನೆ; ಚಂದದ ಪ್ರಶ್ನೆಯಲ್ಲ.

ಆ ಹುಡುಗಿಯ ಪೈನಿಗೆ ಮತ್ತೆ ಬರುತ್ತೇನೆ. ಏಕೆಂದರೆ ಪೈನ್ ಎಲ್ಲಿ ಹುಟ್ಟುಮರವೋ ಅಲ್ಲಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ಉದ್ದ ಎಲೆಯ ಒಂದು ಪೈನ್ ಇದೆ; ಲಾಂಗ್‌ಲೀಫ್ ಎನ್ನುತ್ತಾರೆ. ಒಂದು ಕಾಲಕ್ಕೆ ಅದರ ಕಾಡು ಸುಮಾರು 9 ಕೋಟಿ ಎಕರೆಗೆ ಹಬ್ಬಿತ್ತು. ಹಡಗಿಗೆ, ಮನೆಗೆ, ರಾಳಕ್ಕೆ ಎಂದು ಕಡಿದರು, ಹೊಲ ಮಾಡಿದರು, ಉಳಿದ ಕಡೆ ಬೇಗ ಬೆಳೆಯುವ ಬೇರೆ ಪೈನ್ ನೆಟ್ಟರು. ಕೊನೆಗೆ ನೂರಕ್ಕೆ ಮೂರು ಪಾಲು ಉಳಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಪೈನಿನ ಶತ್ರು ಪೈನೇ ಆಗಿತ್ತು. ದೂರದಿಂದ ನೋಡಿದವರಿಗೆ ಎರಡೂ ಒಂದೇ ಕಾಡು. ಲಾಂಗ್‌ಲೀಫ್ ಕಾಡೆಂದರೆ ದೂರದೂರ ನಿಂತ ಮರಗಳು, ನಡುವೆ ಬಿಸಿಲು, ನೆಲದ ತುಂಬ ಹುಲ್ಲು, ಹುಲ್ಲಿನೊಳಗೆ ನೂರಾರು ಬಗೆಯ ಸಣ್ಣ ಗಿಡ. ಆ ಹುಲ್ಲಿಗೆ ಕೆಲವು ವರ್ಷಕ್ಕೊಮ್ಮೆ ಹಗುರವಾದ ಬೆಂಕಿ ಬೇಕು. ಬೆಂಕಿಯೇ ಬೀಳದಂತೆ ಕಾವಲಿಟ್ಟಾಗ ಪೊದೆ ಬೆಳೆದು ಹುಲ್ಲು ಸತ್ತಿತು, ಪೈನಿನ ಮರಿಗೂ ನೆಲ ಸಿಗದಾಯಿತು.

ಆ ಪೈನಿನ ಮರಿಯ ನಡತೆ ವಿಚಿತ್ರವಾದದ್ದು. ಮೊಳೆತ ಮೇಲೆ ಹಲವು ವರ್ಷ ಅದು ಎತ್ತರಕ್ಕೆ ಬೆಳೆಯುವುದೇ ಇಲ್ಲ. ನೆಲದ ಮೇಲೆ ಒಂದು ಹುಲ್ಲಿನ ಗೊಂಚಲಿನಂತೆ ಕುಳಿತಿರುತ್ತದೆ. ನೋಡಿದವರು ಸಸಿ ಕೆಟ್ಟಿತು ಎನ್ನುತ್ತಾರೆ. ಅದು ಕೆಳಗೆ ಬೇರು ಇಳಿಸುತ್ತಿರುತ್ತದೆ. ಬೇರು ಆಳಕ್ಕೆ ಹೋದ ಮೇಲೆ ಒಂದು ವರ್ಷ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಮರ. ಒಂದೇ ತೊಟ್ಟಿಗೆ ಜೋಡಿ ಎಲೆ ಬಿಡುವ ಮರ. ಅದರ ಮರ ಕಬ್ಬಿಣದಂತೆ ಭಾರ, ತೊಗಟೆಯ ನಾರಿನಿಂದ ನಮ್ಮ ಹಿರಿಯರು ಹಗ್ಗ ಹೊಸೆಯುತ್ತಿದ್ದರು. ಕಮರದ ಮರಿಯೂ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದಕ್ಕಿಂತ ಹೆಚ್ಚು ಕೆಳಗೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಮೇಲಿನ ಕಡ್ಡಿ ಒಣಗಿ ಬೀಳುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ. ಇಂಥ ಮರವನ್ನು ಪಾಲಿಥಿನ್ ಚೀಲದಲ್ಲಿ ಎರಡು ಅಡಿ ಬೆಳೆಸಿದರೆ ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ನೆಟ್ಟ ದಿನ ಫೋಟೋಗೆ ಚೆನ್ನಾಗಿ ಕಾಣುತ್ತದೆ.

ಅಮೆರಿಕದವರು ಈ ಕಾಡನ್ನು ಮರಳಿ ತರಲು ಹೊರಟಾಗ ಮೊದಲು ಮಾಡಿದ ಕೆಲಸ ಸಸಿ ನೆಡುವುದಾಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಪೊದೆ ತೆಗೆದರು, ಹುಲ್ಲಿನ ಬೀಜ ಕೂಡಿಸಿದರು, ತಿಳಿದವರ ಕೈಯಲ್ಲಿ ಹದವರಿತು ಬೆಂಕಿ ಕೊಟ್ಟರು, ಸಸಿ ಆಮೇಲೆ. ಆ ಕಾಡಿನ ಒಂದು ಬಗೆಯ ಹುಲ್ಲು ಬೆಳೆಯುವ ಕಾಲದಲ್ಲಿ ಬೆಂಕಿ ಹಾಯ್ದರೆ ಮಾತ್ರ ಚೆನ್ನಾಗಿ ಹೂಬಿಟ್ಟು ಬೀಜ ಕಟ್ಟುತ್ತದೆಯಂತೆ. ದಶಕಗಳ ಕೆಲಸ. 2009ರಲ್ಲಿ ಎಂಬತ್ತು ಲಕ್ಷ ಎಕರೆಯ ಗುರಿಯಿಟ್ಟುಕೊಂಡು ಹೊಸದಾಗಿ ಆರಂಭಿಸಿದರು.

ಬೆಂಕಿ ಎಂದೊಡನೆ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿದ ನಮ್ಮ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಅವರ ಆತಂಕ ಸರಿಯಾದದ್ದೇ. ಒಣಗಿದ ಲಂಟಾನಕ್ಕೆ ಏಪ್ರಿಲ್ ತಿಂಗಳಲ್ಲಿ ಬೆಂಕಿ ಬಿದ್ದರೆ ಅದು ಮರದ ತುದಿಗೆ ಏರುತ್ತದೆ. ಬೀಡಿಯ ಕಿಡಿಯಿಂದ ಗುಡ್ಡ ಸುಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ನಮ್ಮ ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ತರಗು ಬೆಂಕಿ’ ಎಂಬ ಮಾತನ್ನು ಬಳಸುತ್ತಾರೆ. ಬೇಸಿಗೆ ಬಲಿಯುವ ಮುಂಚೆ, ತರಗೆಲೆ ತೆಳ್ಳಗಿರುವಾಗಲೇ ಕೊಡುವ, ನೆಲಮಟ್ಟದಲ್ಲಿ ಹರಿದು ಆರುವ ಬೆಂಕಿ. ಅಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಮೇಲಾಯಿತು ಎಂಬುದು ಸೋಲಿಗರ ಅನುಭವ. ಈಚಿನ ಸಂಶೋಧಕರು ಅವರೊಡನೆ ಕುಳಿತು ಅದನ್ನು ಬರೆದಿಟ್ಟಿದ್ದಾರೆ. ಅದನ್ನು ನಾನು ಹೇಳಿದ್ದು ನಾಳೆಯೇ ಬೆಂಕಿಪೊಟ್ಟಣ ತೆಗೆದುಕೊಂಡು ಗುಡ್ಡ ಹತ್ತಿರಿ ಎಂದಲ್ಲ. ಲಂಟಾನ ತುಂಬಿದ ಮೇಲೆ ಆ ಹಳೆಯ ಬೆಂಕಿಯೂ ಹಳೆಯ ಹಾಗೆ ನಡೆಯುವುದಿಲ್ಲ. ಕಾಡಿನ ತಿಳಿವಳಿಕೆ ಕಾಡಿನಲ್ಲಿ ಬದುಕಿದವರ ಬಳಿಯೂ ಇದೆ, ನಮ್ಮ ಅಂಚೆಟ್ಟಿ ಕಡೆಯ ಇರುಳಿಗರ ಬಳಿಯೂ ಇದೆ, ಅದನ್ನು ಕೇಳಿಕೊಂಡು ಕೆಲಸಕ್ಕೆ ಇಳಿಯಬೇಕು ಎಂಬುದಕ್ಕಾಗಿ ಹೇಳಿದೆ.

ಸರಕಾರದ ಕಡೆಯಿಂದಲೂ ಕೆಲಸ ನಡೆದಿದೆ. 2014ರಲ್ಲಿ ನಮ್ಮ ಕಾಡಿನ ಸುಮಾರು 504 ಚದರ ಕಿಲೋಮೀಟರ್ ಭಾಗ ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು. 2022ರ ನವೆಂಬರಿನಲ್ಲಿ 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಜೀವಿಧಾಮ ಘೋಷಣೆಯಾಯಿತು. ಇವೆರಡೂ ಕರ್ನಾಟಕದ ಕಾವೇರಿ ವನ್ಯಜೀವಿಧಾಮಕ್ಕೆ ಕೂಡಿಕೊಂಡು, ಮಲೆ ಮಹದೇಶ್ವರ, ಬಿಳಿಗಿರಿ, ಸತ್ಯಮಂಗಲದವರೆಗೆ ಒಂದೇ ಹಸುರು ಹಾದಿಯಾಗಿದೆ. ನದಿಯ ದಡದ ಹೊಳೆಮತ್ತಿ ಮರಗಳ ಸಾಲಿನಲ್ಲಿ ಬೂದು ಬಣ್ಣದ ದೊಡ್ಡ ಅಳಿಲಿದೆ, ನೀರಿನಲ್ಲಿ ನೀರುನಾಯಿ, ಮೊಸಳೆ, ಮೆತ್ತನೆಯ ಚಿಪ್ಪಿನ ಆಮೆ. ಅದೇ 2022ರಲ್ಲಿ ತಮಿಳುನಾಡು ಸರಕಾರ ಹೊರಗಿನಿಂದ ಬಂದು ಹಬ್ಬುವ ಗಿಡಗಳನ್ನು ತೆಗೆದು ಮೂಲ ಕಾಡನ್ನು ಮರಳಿ ತರುವ ನೀತಿಯೊಂದನ್ನು ಪ್ರಕಟಿಸಿತು. ಮದ್ರಾಸ್ ಉಚ್ಚ ನ್ಯಾಯಾಲಯವೂ ಈ ವಿಷಯವನ್ನು ಹಿಡಿದು ಕೇಳುತ್ತಿದೆ.

ಆದರೆ ನ್ಯಾಯಾಲಯದ ಇನ್ನೊಂದು ಆದೇಶ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಅದೇ ವರ್ಷ, ಅಭಯಾರಣ್ಯಗಳೊಳಗೆ ದನ ಮೇಯಿಸುವಂತಿಲ್ಲವೆಂದು ತೀರ್ಮಾನವಾಯಿತು. ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಹೆಚ್ಚು ದನ ಮೇಯ್ದರೆ ಮೊಳಕೆ ಉಳಿಯದು, ದನದ ರೋಗ ಕಾಡೆಮ್ಮೆಗೆ ತಗಲುತ್ತದೆ, ಇದು ನಿಜ. ಇನ್ನೊಂದು ಕಡೆ, ಕಾವೇರಿಯ ತಡಿಯ ಆಲಂಬಾಡಿಯ ಹೆಸರು ಹೊತ್ತ ನಮ್ಮ ದನದ ತಳಿ ಕಾಡಿನ ಮೇವಿನಿಂದಲೇ ಆದದ್ದು. ಬೂದುಗಪ್ಪು ಮೈ, ಹಣೆಯಲ್ಲಿ ಬಿಳಿ ಮಚ್ಚೆ, ಹಿಂದಕ್ಕೆ ಬಾಗಿದ ಕೊಂಬು. ನಮ್ಮಪ್ಪ ಅಂಥ ಜೋಡಿಯನ್ನು ಕಟ್ಟಿ ಡೆಂಕಣಿಕೋಟೆಯ ಸಂತೆಗೆ ಹುಣಸೆಹಣ್ಣು ಸಾಗಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಕಟ್ಟಿ ಬೂಸಾ ಹಾಕಿ ಸಾಕುವುದಾದರೆ ಯಾರೂ ಆಲಂಬಾಡಿಯನ್ನು ಇಟ್ಟುಕೊಳ್ಳುವುದಿಲ್ಲ, ಹಾಲಿನ ಹೆಚ್ಚಿನ ಮಿಶ್ರತಳಿಯನ್ನೇ ಕಟ್ಟುತ್ತಾರೆ. ಕಾಡು ಉಳಿದು ಕಾಡಿನ ದನ ಹೋದರೆ ಅದೂ ನಷ್ಟವೇ. ನನಗೆ ತೋಚುವ ದಾರಿ ಒಂದೇ: ಅಭಯಾರಣ್ಯದ ಹೊರಗಿನ ಊರ ಗುಡ್ಡಗಳಲ್ಲಿ, ನಮ್ಮ ಶಾಲೆಯ ಹಿಂದಿನಂಥ ಇಳಿಜಾರುಗಳಲ್ಲಿ ಹುಲ್ಲು ಮರಳಿ ಬಂದರೆ ದನಕ್ಕೆ ಕಾಡಿನೊಳಗೆ ಹೋಗುವ ಅಗತ್ಯ ಕಡಿಮೆಯಾಗುತ್ತದೆ. ಆ ಹುಲ್ಲನ್ನು ಕೊಯ್ದು ಹೊರಬಹುದು, ಸರದಿ ಕಟ್ಟಿ ಮೇಯಿಸಬಹುದು.

ಈಗ ಸಮಿತಿಯವರ ಪಟ್ಟಿಗೆ ಬರುತ್ತೇನೆ. ನಮ್ಮ ಗುಡ್ಡದ ಇಳಿಜಾರನ್ನು ಮೂರು ಸಲ ಹತ್ತಿ ಇಳಿದೆ. ಮೊಣಕಾಲು ನೋವಿಗೆ ಸಮಿತಿಯೇ ಹೊಣೆ. ಅಲ್ಲಿ ಮುಕ್ಕಾಲು ಪಾಲು ಲಂಟಾನ. ಆದರೆ ಅದರ ಕೆಳಗೆ ಕೈಹಾಕಿ ನೋಡಿದರೆ ದಿಂಡಿಗದ ಹಳೆಯ ಬುಡಗಳು ಜೀವದಿಂದಿವೆ, ಬೆಪ್ಪಾಲೆಯ ಬೇರುಚಿಗುರಿದೆ, ಬಂಡೆಯ ಸಂದಿಯಲ್ಲಿ ಒಂದು ಶ್ರೀಗಂಧದ ಮರಿಯೂ ಸಿಕ್ಕಿತು. ಶ್ರೀಗಂಧ ಒಂಟಿಯಾಗಿ ಬದುಕುವುದಿಲ್ಲ. ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಹಚ್ಚಿ ಆಹಾರ ಪಡೆಯುತ್ತದೆ. ಅದು ಇದೆಯೆಂದರೆ ನೆಲದೊಳಗೆ ಇನ್ನೂ ಸಂಸಾರವಿದೆ ಎಂದರ್ಥ. ಅಲ್ಲಿ ನೂರು ಗುಂಡಿ ತೋಡಿದರೆ ನಾವು ಈ ಬುಡಗಳನ್ನೇ ಕಡಿಯುತ್ತೇವೆ.

ಆದ್ದರಿಂದ ಮೊದಲ ವರ್ಷ ಒಂದು ಸಸಿಯನ್ನೂ ನೆಡುವುದು ಬೇಡ ಎಂಬುದು ನನ್ನ ಸಲಹೆ. ಸಮಿತಿಯ ಅಧ್ಯಕ್ಷರಿಗೆ ಇದು ರುಚಿಸಿಲ್ಲವೆಂದು ಬಲ್ಲೆ; ಶತಮಾನೋತ್ಸವದ ಕಲ್ಲಿನ ಮೇಲೆ ‘ಸಸಿ ನೆಡದಿರುವ ಸಮಾರಂಭ’ ಎಂದು ಕೆತ್ತಿಸುವುದು ಹೇಗೆ ಎಂದು ಅವರು ನನ್ನನ್ನು ಕೇಳಿದರು. ನನ್ನಲ್ಲಿ ಅದಕ್ಕೆ ಉತ್ತರವಿಲ್ಲ. ಕೆಲಸದ ಕ್ರಮ ಮಾತ್ರ ಹೇಳಬಲ್ಲೆ.

ಲಂಟಾನವನ್ನು ಮಚ್ಚಿನಿಂದ ಸವರಿದರೆ ಬುಡದಿಂದ ಹತ್ತು ಚಿಗುರು ಬರುತ್ತದೆ. ಜೆಸಿಬಿ ತಂದು ಕಿತ್ತರೆ ಮಣ್ಣು ಸಡಿಲಾಗಿ ಅದರ ಬೀಜಗಳೆಲ್ಲ ಒಟ್ಟಿಗೆ ಮೊಳೆಯುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರು ತೋರಿಸಿಕೊಟ್ಟ ವಿಧಾನ ಸರಳವಾದದ್ದು: ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಪೊದೆಯನ್ನು ಎತ್ತಿ ಬುಡಮೇಲು ಮಾಡಿ ಇಟ್ಟುಬಿಡುವುದು. ಮಣ್ಣು ಕದಡುವುದಿಲ್ಲ, ಪೊದೆ ಮತ್ತೆ ಚಿಗುರುವುದಿಲ್ಲ. ಹಣ್ಣಾಗುವ ಮೊದಲೇ ಇದನ್ನು ಮಾಡಬೇಕು. ಮುಂದಿನ ಎರಡು ಮೂರು ಮಳೆಗಾಲ ಮರಿಗಳನ್ನು ಕೈಯಿಂದ ಕೀಳಬೇಕು. ಹಕ್ಕಿ ಕೂರುವ ಮರಗಳ ಕೆಳಗೆ ಹೆಚ್ಚು ಕಣ್ಣಿಡಬೇಕು, ಬೀಜ ಬೀಳುವುದು ಅಲ್ಲಿಯೇ. ಸೋಲುವವರು ಸಾಮಾನ್ಯವಾಗಿ ಸೋಲುವುದು ಎರಡನೆಯ ವರ್ಷದಲ್ಲಿ. ಮೊದಲ ವರ್ಷ ಉತ್ಸಾಹವಿರುತ್ತದೆ, ಪತ್ರಿಕೆಯವರು ಬರುತ್ತಾರೆ. ಎರಡನೆಯ ವರ್ಷ ಯಾರೂ ಬರುವುದಿಲ್ಲ, ಲಂಟಾನ ಬರುತ್ತದೆ.

ಇಡೀ ಇಳಿಜಾರನ್ನು ಒಮ್ಮೆಗೇ ಬೋಳಿಸುವುದೂ ಬೇಡ. ಮಣ್ಣು ಕೊಚ್ಚಿಹೋಗುತ್ತದೆ, ಅದರೊಳಗೆ ಗೂಡು ಕಟ್ಟಿದ ಪಿಕಳಾರಗಳಿಗೂ ಒಂದು ದಾರಿ ಬೇಕು. ವರ್ಷಕ್ಕೆ ಕಾಲು ಭಾಗದಂತೆ ತೆಗೆಯೋಣ. ತೆಗೆದ ಕಡೆ ಊರಿನ ಬದುಗಳಲ್ಲಿ ಉಳಿದಿರುವ ಹುಲ್ಲಿನ ಬೀಜವನ್ನು ಉದುರುವ ಮುಂಚೆ ಕೂಡಿಸಿ ಎರಚೋಣ. ಕಿತ್ತ ಕಡ್ಡಿಯನ್ನು ಸುಡುವುದು ಬೇಡ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಕುರ್ಚಿ ಮೇಜುಗಳನ್ನು ಕಟ್ಟುತ್ತಿದ್ದಾರೆ. ನಮ್ಮಲ್ಲಿ ಬುಟ್ಟಿ ಹೆಣೆಯುವ ಕೈಗಳು ಇನ್ನೂ ಇವೆ, ಒಂದು ತರಬೇತಿ ಏರ್ಪಡಿಸಿದರೆ ಸಾಕು. ಇನ್ನೊಂದು ಮಾತು: ಇದು ಊರ ಗುಡ್ಡವಾದ್ದರಿಂದ ಪಂಚಾಯತಿಯ ಒಪ್ಪಿಗೆ ಸಾಕಾದೀತು. ಬೇಲಿಯಾಚೆಯ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಲಂಟಾನದ ಒಂದು ಕಡ್ಡಿಯನ್ನೂ ಯಾರೂ ಮುರಿಯಕೂಡದು. ಶ್ರೀಗಂಧದ ಮರಿ ಎಲ್ಲಿದೆ ಎಂಬುದನ್ನೂ ನಾನು ಇಲ್ಲಿ ಹೇಳುವುದಿಲ್ಲ.

ಎರಡನೆಯ ಮಳೆಗಾಲಕ್ಕೆ ತಾನಾಗಿ ಏನು ಎದ್ದಿದೆ ಎಂದು ಎಣಿಸೋಣ. ಏಳದೆ ಉಳಿದದ್ದನ್ನು ಮಾತ್ರ ಬೀಜದಿಂದ ತರೋಣ. ಕಮರ, ಹೊನ್ನೆ, ಹುರಗಲು ನನ್ನ ಅಂದಾಜಿನಲ್ಲಿ ತಾವಾಗಿ ಬರುವುದಿಲ್ಲ, ಬೀಜ ಕೊಡುವ ತಾಯಿಮರ ಹತ್ತಿರದಲ್ಲಿಲ್ಲ. ನೆಲ್ಲಿಯ ವಿಷಯ ಬೇರೆ. ಕಾಡಿನಲ್ಲಿ ಜಿಂಕೆ ನೆಲ್ಲಿಕಾಯಿ ನುಂಗಿ, ಬೇರೆಡೆ ಮಲಗಿ ಮೆಲುಕು ಹಾಕುವಾಗ ಬೀಜವನ್ನು ಉಗುಳುತ್ತದೆ. ಕಕ್ಕೆಯ ಬೀಜವನ್ನು ಕರಡಿ ಹರಡುತ್ತದೆ. ನಮ್ಮ ಗುಡ್ಡದಲ್ಲಿ ಜಿಂಕೆಯೂ ಇಲ್ಲ, ಕರಡಿಯೂ ಇಲ್ಲ. ಏಳನೆಯ ತರಗತಿಯಿದೆ. ಮಕ್ಕಳು ನೆಲ್ಲಿಕಾಯಿ ತಿಂದು ಎಲ್ಲಿ ಬೇಕೆಂದರಲ್ಲಿ ಉಗುಳಲು ಅಧ್ಯಾಪಕರು ಅನುಮತಿ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಪೈನ್ ಬೇಕೆಂದ ಹುಡುಗಿ ಈಗ ಒಂದು ನೋಟ್ ಪುಸ್ತಕ ಇಟ್ಟಿದ್ದಾಳೆ. ಅವಳ ಅಜ್ಜನಿಂದ ಹದಿನೇಳು ಮರಗಳ ಹೆಸರು ಬರೆದುಕೊಂಡು ಬಂದಳು. ಅದರಲ್ಲಿ ಎರಡು ನನಗೂ ಗೊತ್ತಿರಲಿಲ್ಲ. ಮುಂದಿನ ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಅಜ್ಜನೂ ಬರುತ್ತಾರೆ, ನಾವು ಗುಡ್ಡದ ಕೆಳಗಿನ ಕಾಲು ಭಾಗಕ್ಕೆ ಹಗ್ಗ ಹಿಡಿದು ಗುರುತು ಹಾಕುತ್ತೇವೆ. ಬರುವ ಪೋಷಕರು ಹಳೆಯ ಗುದ್ದಲಿಯೊಂದನ್ನು ತರಲಿ, ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಬರಲಿ. ಲಂಟಾನದ ಮುಳ್ಳು ಕೈಗೆ ಗೀರುತ್ತದೆ. ಕುಡಿಯುವ ನೀರಿನ ವ್ಯವಸ್ಥೆ ಶಾಲೆಯದು.